ಸಹಾಯ ಬೇಕು: ಜಲವರ್ಣದಲ್ಲಿ ಬಂಡೆಯ ಅಂಚು ಮೆದುವಾಗುವುದು ಹೇಗೆ?

ಜಲವರ್ಣ ಮಾಡುವವರು ಯಾರಾದರೂ ಇದ್ದೀರಾ? ಗೋಕರ್ಣದ ಓಂ ಬೀಚಿನ ಮೋಡ ಕವಿದ ಸಂಜೆಯನ್ನು ಬಿಡಿಸುತ್ತಿದ್ದೇನೆ. ಆಕಾಶ, ನೀರು, ಬಂಡೆ, ಅಷ್ಟೇ. ದೋಣಿ, ಜನ, ತೆಂಗಿನಮರ ಬೇಡ. ತೆಂಗಿನಮರ ಬಂದರೆ ಕ್ಯಾಲೆಂಡರ್ ಚಿತ್ರ ಆಗಿಬಿಡುತ್ತದೆ, ಅಲ್ವಾ?

300 ಜಿಎಸ್‌ಎಂನ ದಪ್ಪ ಕಾಗದವನ್ನು ಪೂರ್ತಿ ಒದ್ದೆ ಮಾಡಿ ಆಕಾಶ, ನೀರು ಎರಡನ್ನೂ ಒಂದೇ ಸಲ ಹಚ್ಚುತ್ತೇನೆ. ಬೂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿಯ ಜೊತೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು. ಅಲ್ಲಿಯವರೆಗೆ ಚೆನ್ನಾಗಿಯೇ ಬರುತ್ತದೆ. ತೊಂದರೆ ಇರುವುದು ಬಂಡೆಯಲ್ಲಿ. ಕಾಗದ ಒಣಗಿದ ಮೇಲೆ ಬಿಡಿಸಿದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಹಸಿ ಇರುವಾಗ ಬಿಡಿಸಿದರೆ ಬಣ್ಣ ಹರಡಿ, ಬಂಡೆಯೋ ಮೋಡವೋ ಗೊತ್ತಾಗುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಗದ ಬೇಗ ಒಣಗುವುದೂ ಇಲ್ಲ. ನಡುವಿನ ಹದ ಬಂತು ಅಂತ ಹೇಗೆ ತಿಳಿಯುತ್ತೀರಿ? ಕಾಗದದ ಹೊಳಪು ಹೋದ ತಕ್ಷಣವಾ, ಇನ್ನೂ ಸ್ವಲ್ಪ ಕಾಯಬೇಕಾ?

ನೀರು ತಾಗುವ ಬುಡವನ್ನು ಮಾತ್ರ ಒದ್ದೆ ಬ್ರಷ್‌ನಿಂದ ಮೆದು ಮಾಡಿ, ಮೇಲಿನ ಅಂಚನ್ನು ಹಾಗೇ ಬಿಟ್ಟರೆ ಸಾಕಾ? ದೂರದ ಬಂಡೆಗೆ ನೀಲಿ, ಹತ್ತಿರದ್ದಕ್ಕೆ ಕಂದು ಜಾಸ್ತಿ ಹಾಕುತ್ತಿದ್ದೇನೆ. ಎಷ್ಟು ಗಾಢ ಇರಬೇಕು ಎನ್ನುವುದೇ ಗೊಂದಲ. ನೊರೆಗೆ ಬಿಳಿ ಜಾಗ ಮೊದಲೇ ಬಿಡುತ್ತೀರಾ? ಮೇಲಿಂದ ಬಿಳಿ ಬಣ್ಣ ಹಚ್ಚುವುದು ನನಗೆ ಅಷ್ಟು ಇಷ್ಟವಿಲ್ಲ.

ಕುಮಟಾ, ಕಾರವಾರ ಕಡೆ ಹೊರಗೆ ಕೂತು ಚಿತ್ರ ಬಿಡಿಸುವವರಿದ್ದರೆ ತಿಳಿಸಿ, ಬಂದು ನೋಡುತ್ತೇನೆ.