"ನಂಗೇನೂ ನೆನಪಿಲ್ಲ ಸಾರ್" ಅನ್ನೋ ಆರೋಪಿ ನಾಟಕ ಆಡ್ತಿದಾನಾ ಅಂತ ಹೆಂಗೆ ಕಂಡುಹಿಡೀತಾರೆ?

ಕರಿಕೋಟು_ಕನಸು: ಎಲ್‌ಎಲ್‌ಬಿ ಓದ್ತಿದೀನಿ. ಪೊಡೋಲಾ ಕೇಸ್ ಓದ್ದೆ, 1959, ಲಂಡನ್, ಪೊಲೀಸ್ನೋನ್ನ ಗುಂಡಿಟ್ಟು ಕೊಂದೋನು ಹಿಂದಿಂದೇನೂ ನೆನಪಿಲ್ಲ ಅಂದ, ಡಾಕ್ಟರ್‌ಗಳೇ ಎರಡು ಪಾರ್ಟಿ ಆದ್ರು, ಕೊನೆಗೆ ಜ್ಯೂರಿ ನಂಬಲಿಲ್ಲ, ನೇಣಾಯ್ತು. ನೆನಪನ್ನೇನು ಎಕ್ಸ್‌ರೇ ತೆಗೆಯಕ್ಕಾಗತ್ತಾ? ಈಗ ಹೆಂಗ್ ನೋಡ್ತಾರೆ?

ಮನಸಿನ_ಮೇಷ್ಟ್ರು: ಪೂರ್ತಿ ಬಿಡಿಸಿ ಹೇಳಲ್ಲ, ಗುಟ್ಟು ಬಯಲಾದ್ರೆ ಟೆಸ್ಟೇ ವೇಸ್ಟು 😄 ಆದ್ರೂ ಲಾಜಿಕ್ ಚೆನ್ನಾಗಿದೆ ಕೇಳಿ. ಟಾಮ್ (TOMM) ಅಂತ ಒಂದು ನೆನಪಿನ ಟೆಸ್ಟಿದೆ, 50 ಚಿತ್ರ ತೋರಿಸ್ತಾರೆ, ಆಮೇಲೆ ಎರಡೆರಡು ಚಿತ್ರ ಇಟ್ಟು ಯಾವ್ದು ನೋಡಿದ್ರಿ ಅಂತಾರೆ. ಕಣ್ಮುಚ್ಕೊಂಡು ಬೆರಳಿಟ್ರೂ ಹತ್ತತ್ರ 25 ಸರಿಯಾಗ್ಬೇಕು ತಾನೆ? ಒಬ್ಬ ಬರೀ 12 ಸರಿ ಹೇಳ್ತಾನೆ ಅಂದ್ರೆ ಸರಿ ಉತ್ತರ ಗೊತ್ತಿದ್ದೇ ತಪ್ಪಿಸ್ತಿದಾನೆ, ಅಂದ್ರೆ ನೆನಪಿದೆ! ಅಷ್ಟು ದಡ್ಡರು ಸಿಗೋದು ಕಮ್ಮಿ ಬಿಡಿ. ಆದ್ರೆ 25ರ ಮೇಲೆ ತಗೊಂಡ್ರೂ ಸಿಕ್ಕಾಕೊಳ್ಬಹುದು, ಯಾಕಂದ್ರೆ ಈ ಟೆಸ್ಟು ನೋಡಕ್ಕೆ ಕಷ್ಟ ಅನ್ಸತ್ತೆ, ನಿಜಕ್ಕೂ ಸುಲಭ, ತಲೆಗೆ ಪೆಟ್ಟು ಬಿದ್ದು ಮರೆವಾಗಿರೋರೂ ಸಾಮಾನ್ಯವಾಗಿ ಚೆನ್ನಾಗೇ ಮಾಡ್ತಾರೆ, ನಾಟಕದೋನು ಮಾತ್ರ ಮರೆವು ಅಂದ್ರೆ ಎಲ್ಲಾನೂ ಮರೀಬೇಕು ಅನ್ಕೊಂಡು ಅತಿ ಮಾಡಿ ಸಿಕ್ಕಾಕೊಳ್ತಾನೆ.

ಹಳೇ_ಪೇಪರ್: ಹೆಸ್ ಕಥೆ ಗೊತ್ತಾ, ಹಿಟ್ಲರ್ ಬಲಗೈ? ಯುದ್ಧ ಮುಗಿದ್ಮೇಲೆ ನ್ಯೂರೆಂಬರ್ಗ್‌ನಲ್ಲಿ ನಡೆದ ನಾಜಿಗಳ ವಿಚಾರಣೆಲಿ ನೆನಪಿಲ್ಲ ನೆನಪಿಲ್ಲ ಅಂತಿದ್ದ, ಅವನನ್ನ ವಿಚಾರಣೆಗೆ ನಿಲ್ಲಿಸ್ಬಹುದಾ ಅಂತ ವಾದ ನಡೀತಿದ್ದಾಗ್ಲೇ, 1945 ನವೆಂಬರ್ 30, ಎದ್ದು ನಿಂತು ಇದೆಲ್ಲ ತಂತ್ರಕ್ಕೆ ಮಾಡಿದ ನಟನೆ ಅಂದ್ಬಿಟ್ಟ. ತಮಾಷೆ ಅಂದ್ರೆ ಎಷ್ಟು ನಾಟಕ ಎಷ್ಟು ನಿಜ ಅಂತ ಆಮೇಲೂ ಜಗಳ ನಿಂತಿಲ್ಲ.

ಸೊಪ್ಪಿನ_ಸಾರು: ಟೆಸ್ಟಲ್ಲಿ ಫೇಲಾದ್ರೆ ಕಳ್ಳ ಅಂತ ಬರೆದುಬಿಡ್ಬೇಡಿ ಮಾರಾಯ್ರೆ. ರೇ ಅನ್ನೋರ 15 ಐಟಂ ಟೆಸ್ಟಲ್ಲಿ, ಅಂದ್ರೆ ನೋಡಿದ್ದನ್ನ ನೆನಪಿಂದ ಬರೆಯೋ ಟೆಸ್ಟಲ್ಲಿ, ಎಬಿಸಿ, ರೋಮನ್ ಅಂಕಿ ಎಲ್ಲಾ ಇರತ್ತೆ, ಶಾಲೆ ಮುಖನೇ ನೋಡದ ನಮ್ಮಜ್ಜಿಗೆ ಕೊಟ್ರೆ ಅವ್ಳೂ ನಾಟಕದೋಳೇ ಆಗ್ತಾಳೆ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಜಾಸ್ತಿ ಆಗಿರೋರೂ ಅಷ್ಟೆ.

ಮನಸಿನ_ಮೇಷ್ಟ್ರು: ನೂರಕ್ಕೆ ನೂರು ಒಪ್ದೆ. ಅದಕ್ಕೇ ಒಂದೇ ಟೆಸ್ಟ್ ನಂಬಲ್ಲ. ಹಳೇ ಕೇಸ್ ಶೀಟು, ಮನೆಯೋರ ಮಾತು, ವಾರ್ಡಲ್ಲಿ ಯಾರೂ ನೋಡ್ತಿಲ್ಲ ಅನ್ಕೊಂಡಾಗ ಹೆಂಗಿರ್ತಾನೆ, ಎಲ್ಲಾ ಸೇರ್ಸಿ ನೋಡ್ಬೇಕು. ಇನ್ನೊಂದು, ಟೆಸ್ಟಲ್ಲಿ ಬೇಕಂತ ತಪ್ಪು ಮಾಡಿದಾನೆ ಅಂತ ಗೊತ್ತಾದ್ರೂ ಕೊಲೆ ಮಾಡಿದಾನೆ ಅಂತಲ್ಲ.

ಕರಿಕೋಟು_ಕನಸು: ಥ್ಯಾಂಕ್ಸ್! ಕಾನೂನಲ್ಲೂ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 22, ಹಳೇ ಐಪಿಸಿ 84, ಕೇಳೋದು ಕೃತ್ಯದ ಹೊತ್ತಲ್ಲಿ ಬುದ್ಧಿ ನೆಟ್ಟಗಿತ್ತಾ ಅಂತ. ಈಗ ನೆನಪಿಲ್ಲ ಅಂದ್ರೆ ಅಷ್ಟಕ್ಕೇ ಬಚಾವಾಗಲ್ಲ. ಹಂಗಾದ್ರೆ ಇಷ್ಟು ಕಷ್ಟಪಟ್ಟು ನಾಟಕ ಯಾಕಾಡ್ತಾರೋ!