ಪೆಲೆಟ್ ಬದಲಿಸಿದರೂ ಗುಂಪು ಕೂಡುತ್ತಿಲ್ಲ: 10 ಮೀಟರ್ ಏರ್ ರೈಫಲ್

ಪ್ರಶ್ನೆ (ಉಡುಪಿಯಿಂದ)

ನಮಸ್ಕಾರ. ಕಳೆದ ವರ್ಷ ಒಬ್ಬರು ಬಳಸಿದ್ದ 10 ಮೀಟರ್ ಏರ್ ರೈಫಲ್ ಕೊಂಡೆ. ಸಿಲಿಂಡರ್‌ಗೆ ಗಾಳಿ ತುಂಬಿಸುವ ಬಗೆಯದು. ನಮ್ಮ ಅಡಿಕೆ ಗೋದಾಮಿನಲ್ಲಿ ಮರಳಿನ ಚೀಲದ ಮೇಲಿಟ್ಟು ಹೊಡೆಯುತ್ತೇನೆ. ಪೆಲೆಟ್ (ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು) ತಲೆಯ ಅಳತೆ 4.49, 4.50, 4.51 ಮಿ.ಮೀ. ಹೀಗೆ ಮೂರು ಡಬ್ಬಿ ತಂದೆ. ಭಾನುವಾರ 4.50ರ ಐದು ಗುಂಡು ಒಂದೇ ತೂತಿಗೆ ಹೋದವು. ಮಂಗಳವಾರ ಅದೇ ಡಬ್ಬಿಯ ಐದು ಗುಂಡಿನ ಗುಂಪು, ಅಂದರೆ ಎಲ್ಲ ತೂತುಗಳ ಒಟ್ಟು ಹರವು, ಅಂಚಿನಿಂದ ಅಂಚಿಗೆ 9 ಮಿ.ಮೀ. ಆಯಿತು, 4.49 ಗೆದ್ದಿತು. ಜೂನ್‌ನಿಂದ ಹೀಗೆಯೇ. ಇನ್ನು ಯಾವ ಪೆಲೆಟ್ ಕೊಳ್ಳಲಿ?

ಉತ್ತರ (ಮಂಗಳೂರಿನಿಂದ)

ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ನಾನೂ ಹೀಗೆ ಡಬ್ಬಿಯ ಮೇಲೆ ಡಬ್ಬಿ ಕೊಂಡು ಎರಡು ಮಳೆಗಾಲ ಕಳೆದಿದ್ದೇನೆ, ಆದ್ದರಿಂದ ಉದ್ದಕ್ಕೆ ಬರೆಯುತ್ತೇನೆ.

ಮೊದಲನೆಯದಾಗಿ, ಐದು ಗುಂಡು ಸಾಲದು. ಒಂದೇ ಡಬ್ಬಿಯಿಂದ ಐದೈದರಂತೆ ಹೊಡೆಯುತ್ತಾ ಹೋದರೆ ಒಂದು ಗುಂಪು ಇನ್ನೊಂದಕ್ಕಿಂತ ಬಹಳ ದೊಡ್ಡದಾಗುವುದು ಸಹಜ. ಒಳ್ಳೆಯ ದಿನದ ಒಂದು ತೂತು ಪೆಲೆಟ್‌ನ ಗುಣವನ್ನು ಹೇಳುವುದಿಲ್ಲ. ಹತ್ತು ಗುಂಡಿನ ಗುಂಪು, ಡಬ್ಬಿಗೆ ಮೂರರಂತೆ ಹೊಡೆಯಿರಿ. ಗುಂಪು ತುಸು ದೊಡ್ಡದಾಗಿ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. ಒಂದು ಸುತ್ತು 4.49, 4.50, 4.51 ಎಂದು ಹೋದರೆ ಮುಂದಿನ ಸುತ್ತು ಹಿಂದುಮುಂದಾಗಲಿ. ಇಲ್ಲವಾದರೆ ನಿಮ್ಮ ಆಯಾಸದ ತಪ್ಪು ಪ್ರತಿ ಸಲವೂ ಕೊನೆಯ ಡಬ್ಬಿಯ ತಲೆಗೆ ಬರುತ್ತದೆ.

ಎರಡನೆಯದು ಕಾಗದ. ನಮ್ಮ ಕರಾವಳಿಯ ಜುಲೈನಲ್ಲಿ ಗುರಿಹಲಗೆಯ ಕಾಗದ ಹೊರಗಿಟ್ಟ ಹಪ್ಪಳದಂತೆ ಮೆತ್ತಗಾಗುತ್ತದೆ. ತೂತು ದುಂಡಗೆ ಬೀಳದೆ ಹರಿಯುತ್ತದೆ, ನೀವು ಹರಿದ ಅಂಚನ್ನು ಅಳೆಯುತ್ತೀರಿ. ಕಾಗದವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಈಗ ಹೇಳಿ: ಸ್ಟಾಕ್‌ನ (ನಳಿಗೆಯನ್ನು ಹೊತ್ತು ಭುಜಕ್ಕೆ ತಾಗುವ ಭಾಗದ) ತಿರುಪುಗಳನ್ನು ಕೊಂಡ ಮೇಲೆ ಎಂದಾದರೂ ನೋಡಿದ್ದೀರಾ? ಚೀಲ ಪ್ರತಿ ಸಲ ಸ್ಟಾಕ್‌ನ ಒಂದೇ ಜಾಗದಲ್ಲಿರುತ್ತದೆಯೇ, ಅಥವಾ ನಳಿಗೆಗೆ ತಾಗುತ್ತದೆಯೇ?

ಕಾರ್ಕಳದಿಂದ ಒಬ್ಬರು

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಅಜ್ಜನ ಕೋವಿ ಮನೆಯಲ್ಲಿದೆ. ಅದಕ್ಕೆ ತೋಟೆಯನ್ನು ನಾನೇ ತುಂಬಿ ಹೀಗೆ ಪರೀಕ್ಷಿಸಬಹುದೇ?

ಉತ್ತರ (ಮಂಗಳೂರಿನಿಂದ)

ಬೇಡ ಸರ್. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ಬೇರೆ ದೇಶಗಳಲ್ಲಿ ತೋಟೆ ತುಂಬುವವರು ಮದ್ದಿನ ತೂಕವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿ ಬಂದೂಕಿಗೆ ಒಪ್ಪುವುದನ್ನು ಹುಡುಕುತ್ತಾರೆ. ಏರ್ ರೈಫಲ್‌ನವರಿಗೆ ಆ ಹುಡುಕಾಟ ಪೆಲೆಟ್‌ನಲ್ಲಿಯೇ ಸಿಗುತ್ತದೆ. 0.177 ಅಂಗುಲ ಕ್ಯಾಲಿಬರ್ (ನಳಿಗೆಯ ಒಳ ಅಳತೆ) ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಪರವಾನಗಿಯೂ ಬೇಕಿಲ್ಲ.

ಪ್ರಶ್ನೆ ಕೇಳಿದವರು

ಹಿಂದಿನ ತಿರುಪು ಕಾಲು ಸುತ್ತು ಸಡಿಲವಾಗಿತ್ತು! ಬಿಗಿ ಮಾಡಿದೆ, ಚೀಲದ ಜಾಗಕ್ಕೆ ಸ್ಟಾಕ್ ಮೇಲೆ ಗುರುತು ಹಾಕಿದೆ. ಹತ್ತು ಗುಂಡು 7 ಮಿ.ಮೀ.ಗೆ ಬಂದವು. ಆದರೂ ಹತ್ತರಲ್ಲಿ ಒಂದು ಬಲಕ್ಕೆ ಓಡುತ್ತದೆ.

ಉತ್ತರ (ಮಣಿಪಾಲದಿಂದ)

ಓಡಿದ ಗುಂಡನ್ನು ಡಬ್ಬಿಯಲ್ಲಿದ್ದಾಗಲೇ ಹಿಡಿಯಬಹುದು. ಪೆಲೆಟ್ ಸೀಸದ್ದು, ಬಹಳ ಮೆದು. ಡಬ್ಬಿ ಒಮ್ಮೆ ಕೆಳಗೆ ಬಿದ್ದರೆ ಸಾಕು, ಹಿಂಬದಿಯ ಲಂಗದಂತಹ ತೆಳು ಅಂಚು ನೆಗ್ಗುತ್ತದೆ. ಗಾಜಿನ ಮೇಲೆ ಮೆಲ್ಲನೆ ಉರುಳಿಸಿ ನೋಡಿ, ಕುಂಟುವುದನ್ನು ಬದಿಗಿಡಿ. ಬಿಳಿ ಪುಡಿ ಕಂಡರೆ ತೇವ ತಾಗಿದೆ ಎಂದರ್ಥ, ಅದನ್ನೂ ಬಳಸಬೇಡಿ. ಕೆಲಸ ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ.

ನಳಿಗೆಗೆ ಫೆಲ್ಟ್ (ಒತ್ತಿದ ಉಣ್ಣೆಯ ಪುಟ್ಟ ತುಂಡು) ಹಾಕಿ ಒರೆಸಿ. ಒರೆಸಿದ ಮೇಲಾಗಲಿ, ಪೆಲೆಟ್ ಬದಲಿಸಿದ ಮೇಲಾಗಲಿ, ಮೊದಲ ಇಪ್ಪತ್ತು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಳಿಗೆ ಹೊಸ ಸೀಸಕ್ಕೆ ಒಗ್ಗಬೇಕು.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

4.50ರ ಡಬ್ಬಿಯಲ್ಲಿ ನೂರಕ್ಕೆ ಏಳು ನೆಗ್ಗಿದ್ದವು. ಅವನ್ನು ತೆಗೆದ ಮೇಲೆ ಮೂರು ಗುಂಪು 5.9, 6.2, 6.0 ಮಿ.ಮೀ. 4.49ಕ್ಕೂ ಇದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸವೇ ಇಲ್ಲ. 4.51 ಮಾತ್ರ ಮೂರು ಸಲವೂ 8 ದಾಟಿತು. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಕೇವಲ 0.5 ಮಿ.ಮೀ. ಆದರೂ ತೂತಿನ ಅಂಚು ತಾಗಿದರೆ ಹತ್ತು ಅಂಕ, ಆದ್ದರಿಂದ ಈ ಗುಂಪು ನನಗೆ ಧಾರಾಳ. ಇದೇ 4.50 ಇನ್ನಷ್ಟು ತರಿಸಲೇ?

ಉತ್ತರ (ಮಂಗಳೂರಿನಿಂದ)

ತರಿಸಿ, ಆದರೆ ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯೂ ಇದೇ ಇರಲಿ. ಅಳತೆ ಒಂದೇ ಆದರೂ ಬೇರೆ ಬ್ಯಾಚ್ ಬೇರೆಯಾಗಿಯೇ ಹೊಡೆಯಬಹುದು. ಅಂಗಡಿಯವರಿಗೆ ಸಂಖ್ಯೆಯ ಫೋಟೊ ಕಳುಹಿಸಿ ಕೇಳಿ, ಸಿಕ್ಕರೆ ಒಂದು ವರ್ಷಕ್ಕಾಗುವಷ್ಟು ಒಟ್ಟಿಗೆ ತೆಗೆದುಕೊಳ್ಳಿ.