ಟ್ರಾವೆಲ್ ಟ್ರೇಲರ್ ಗಟ್ಟಿಯಾಗಿದೆಯಾ ಇಲ್ವಾ ಅಂತ ತಿಳಿಯುವುದು ಹೇಗೆ?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ಪಿಕಪ್‌ಗೆ ಕಟ್ಟಿ ಎಳೆಯುವಂಥ ಟ್ರಾವೆಲ್ ಟ್ರೇಲರ್ (ಪ್ರವಾಸಕ್ಕೆ ಬಳಸುವ ಚಕ್ರದ ಮನೆ) ಒಂದನ್ನು ತೆಗೆದುಕೊಳ್ಳಬೇಕು ಅಂತಿದ್ದೇವೆ. ಮನೆಯಲ್ಲಿ ನಾವು ನಾಲ್ಕು ಜನ. ಶೋರೂಮ್‌ಗೆ ಹೋದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ದೊಡ್ಡ ಟಿವಿ, ನೀಲಿ ಎಲ್‌ಇಡಿ ದೀಪ, ಕರೆಂಟಿನ ಅಗ್ಗಿಷ್ಟಿಕೆ. ಸೇಲ್ಸ್‌ನವರು ತೋರಿಸುವುದೂ ಅದನ್ನೇ. ಆದರೆ ಒಂದು ಗಾಡಿಯಲ್ಲಿ ಡ್ರಾಯರ್ ಎಳೆದರೆ ಮುಂದಿನ ಹಲಗೆಯೇ ಕೈಗೆ ಬಂತು. ಮಂಚದ ಹಲಗೆ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಮರದ ಪುಡಿ, ಬಿದ್ದ ಸ್ಕ್ರೂಗಳು, ಎಲ್ಲೂ ಕಟ್ಟದೆ ಜೋತಾಡುವ ವೈರು. ಹೊಸ ಗಾಡಿ ಸ್ವಾಮಿ ಅದು!

ಹಾಗಾದರೆ ನಿಜವಾಗಿ ನೋಡಬೇಕಾದ್ದು ಎಲ್ಲಿ? ಒಳ್ಳೆ ಬ್ರ್ಯಾಂಡ್ ಆದರೆ ಸಾಕಾ? ನುಣುಪಾದ ಫೈಬರ್‌ಗ್ಲಾಸ್ ಗೋಡೆಯದ್ದು ವಾಸಿನಾ, ಗೆರೆ ಗೆರೆಯ ಅಲ್ಯೂಮಿನಿಯಂ ಶೀಟಿನದ್ದು ವಾಸಿನಾ?

ಏಣಿ ಮಾಮ:
ಡ್ರಾಯರ್ ಬಿಡಿ ಸರ್, ನಾಲ್ಕು ಸ್ಕ್ರೂ ಹಾಕಿದರೆ ಸರಿಹೋಗುತ್ತದೆ. ನೀವು ನೋಡಬೇಕಾದ್ದು ನೀರು ಎಲ್ಲಿಂದ ಒಳಗೆ ಬರಬಹುದು ಅಂತ. ಟ್ರೇಲರ್ ಹಾಳಾಗುವುದು ಹೆಚ್ಚಾಗಿ ಅದರಿಂದಲೇ.

ಏಣಿ ಹಾಕಿ ಮೇಲೆ ನೋಡಿ. ಛಾವಣಿಗೆ ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರ್ ಶೀಟೋ ಟಿಪಿಓ ಅನ್ನುವ ಪ್ಲಾಸ್ಟಿಕ್ ಶೀಟೋ ಇರುತ್ತದೆ. ಶೀಟ್ ಸುಲಭಕ್ಕೆ ಸೋರುವುದಿಲ್ಲ. ಸೋರುವುದು ಜಾಯಿಂಟುಗಳಲ್ಲಿ. ಗಾಳಿಕಿಂಡಿ, ಎಸಿ, ಆಂಟೆನಾ, ಏಣಿಯ ಸ್ಕ್ರೂ, ಅಂಚಿನ ಪಟ್ಟಿ, ಎಲ್ಲೆಲ್ಲಿ ತೂತು ಕೊರೆದಿದ್ದಾರೋ ಅಲ್ಲೆಲ್ಲ ಸೀಲೆಂಟ್ ದಪ್ಪಗೆ, ಬಿಡುವಿಲ್ಲದೆ ಕೂತಿರಬೇಕು. ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಸ್ಕ್ರೂ ತಲೆ ಹಾಗೇ ಕಾಣುತ್ತಿದೆ ಅಂದರೆ ಆ ಗಾಡಿಯನ್ನು ಅವಸರದಲ್ಲಿ ಮುಗಿಸಿದ್ದಾರೆ ಅಂತ ಅರ್ಥ, ಮೇಲೆ ಹೀಗಿದ್ದರೆ ಕಣ್ಣಿಗೆ ಕಾಣದ ಗೋಡೆಯೊಳಗೆ ಹೇಗಿರಬಹುದು ಅಂತ ನೀವೇ ಲೆಕ್ಕ ಹಾಕಿ. ಎಷ್ಟೇ ಚೆನ್ನಾಗಿ ಹಾಕಿದ್ದರೂ ಸೀಲೆಂಟ್ ಬಿಸಿಲಿಗೆ ಬಿರುಕು ಬಿಡುತ್ತದೆ. 90 ದಿನಕ್ಕೊಮ್ಮೆ ನೋಡಿ ಅಂತ ಸುಮಾರು ಕಂಪನಿಗಳ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಅದನ್ನು ಓದುವವರು ಯಾರು, ಅಲ್ವಾ? ಮತ್ತೆ ಸುಮ್ನೆ ಸಿಕ್ಕ ಸಿಲಿಕೋನ್ ಟ್ಯೂಬ್ ತಂದು ಮೆತ್ತಬೇಡಿ. ಅದರ ಮೇಲೆ ಆಮೇಲೆ ಬೇರೆ ಏನೂ ಅಂಟುವುದಿಲ್ಲ.

ಗೋಡೆ ವಿಷಯ. ನುಣುಪು ಗೋಡೆ ಅಂದರೆ ತೆಳು ಫೈಬರ್‌ಗ್ಲಾಸ್ ಹಾಳೆ, ಅದರ ಹಿಂದೆ ತೆಳು ಪ್ಲೈವುಡ್, ಆಮೇಲೆ ಫೋಮ್ ಮತ್ತು ಅಲ್ಯೂಮಿನಿಯಂ ಚೌಕಟ್ಟು, ಎಲ್ಲವನ್ನೂ ಗೋಂದು ಹಾಕಿ ಒತ್ತಿ ಅಂಟಿಸಿರುತ್ತಾರೆ. ನೀರು ಹೊಕ್ಕರೆ ಪ್ಲೈವುಡ್ ಮೆತ್ತಗಾಗಿ ಹಾಳೆ ಉಬ್ಬಿ ನಿಲ್ಲುತ್ತದೆ. ಡಿಲ್ಯಾಮಿನೇಶನ್ ಅನ್ನುವುದು ಇದನ್ನೇ. ಸಂಜೆ ಬಿಸಿಲಲ್ಲಿ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು ಉದ್ದಕ್ಕೆ ನೋಡಿ, ಉಬ್ಬು ತಾನಾಗಿಯೇ ಕಾಣುತ್ತದೆ. ಒಮ್ಮೆ ಉಬ್ಬಿದರೆ ರಿಪೇರಿ ಬಹಳ ಕಷ್ಟ. ಪ್ಲೈವುಡ್ ಬದಲು ಆಜ್‌ಡೆಲ್ ಅನ್ನುವ ಗಾಜಿನ ನಾರು-ಪ್ಲಾಸ್ಟಿಕ್ ಹಲಗೆ ಹಾಕಿದ್ದರೆ ಒಳ್ಳೆಯದು, ಅದು ಮರ ಅಲ್ಲ, ಕೊಳೆಯುವುದಿಲ್ಲ. ಅಲ್ಯೂಮಿನಿಯಂ ಶೀಟಿನ ಗಾಡಿಯಲ್ಲಿ ಒಳಗೆ ಮರದ ಚೌಕಟ್ಟು. ಅದು ಕೊಳೆತರೂ ಹೊರಗೆ ಗೊತ್ತಾಗುವುದಿಲ್ಲ, ಆದರೆ ಶೀಟ್ ಬಿಚ್ಚಿ ಕೆಟ್ಟ ಮರ ಬದಲಾಯಿಸಬಹುದು. ಕೈಕೆಲಸ ಬರುವವರಿಗೆ ಅದೇ ವಾಸಿ ಅನ್ನುತ್ತೇನೆ ನಾನು.

ಅಚ್ಚುಗಾಲಿ:
ಮಾಮ ಮೇಲೆ ಹತ್ತಿಸಿದರು, ನಾನು ಕೆಳಗೆ ಮಲಗಿಸುತ್ತೇನೆ. ಒಂದು ಚಾಪೆ ಹಾಸಿಕೊಂಡು ಗಾಡಿಯಡಿ ಹೋಗಿ. ಫ್ರೇಮಿನ ವೆಲ್ಡಿಂಗ್ ಒಂದೇ ಸಮ ಇದೆಯಾ, ಪೈಪು ವೈರು ಕ್ಲಿಪ್ ಹಾಕಿ ಹಿಡಿಸಿದ್ದಾರಾ, ಇಲ್ಲ ಅಂಚಿಗೆ ಉಜ್ಜುತ್ತಿವೆಯಾ ನೋಡಿ.

ಆಮೇಲೆ ಆಕ್ಸಲ್ (ಚಕ್ರದ ಅಚ್ಚು) ಮೇಲಿನ ಸ್ಟಿಕ್ಕರ್. 3,500 ಪೌಂಡಿನ ಆಕ್ಸಲ್ ಎರಡು, ಅಂದರೆ 7,000. ಅದೇ ಗಾಡಿಯ ಒಟ್ಟು ತೂಕದ ಮಿತಿ 7,600 ಅಂತ ಬರೆದಿರುತ್ತಾರೆ. ಲೆಕ್ಕ ತಪ್ಪಲ್ಲ. ಹಿಚ್ (ಟ್ರೇಲರನ್ನು ಪಿಕಪ್‌ಗೆ ಕಟ್ಟುವ ಕೊಂಡಿ) ಮೇಲೆ ಬೀಳುವ 10ರಿಂದ 15 ಪರ್ಸೆಂಟ್ ಭಾರವನ್ನು ಎಳೆಯುವ ಗಾಡಿ ಹೊರುತ್ತದಲ್ಲ. 12 ಪರ್ಸೆಂಟ್ ಹಿಡಿದರೆ ಆಕ್ಸಲ್‌ಗಳ ಮೇಲೆ ಸುಮಾರು 6,700. ಆದರೆ ಆಕ್ಸಲ್‌ಗಳ ಮಿತಿಗೆ ಉಳಿದದ್ದು ಬರೀ 300 ಪೌಂಡ್! 40 ಗ್ಯಾಲನ್ ನೀರೇ 330 ಪೌಂಡ್ ತೂಗುತ್ತದೆ. ಇಷ್ಟು ಬಿಗಿ ಲೆಕ್ಕದಲ್ಲಿ ಮಾಡಿದ ಗಾಡಿಗೆ ಮನೆ ಸಾಮಾನೆಲ್ಲ ತುಂಬಿ ಹಳ್ಳದಲ್ಲಿ ಇಳಿಸಿದರೆ ಏನಾಗುತ್ತದೆ ಹೇಳಿ. ನನಗೆ ಬಿಲ್ಡ್ ಕ್ವಾಲಿಟಿ ಅಂದರೆ ಮೊದಲು ಇದು.

ಟೈರಿನ ಪಕ್ಕದಲ್ಲಿ ಡಿಓಟಿ (DOT) ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2321 ಅಂದರೆ 2021ರ 23ನೇ ವಾರ. ಅಂಗಳದಲ್ಲಿ ನಿಂತೇ ವಯಸ್ಸಾದ ಟೈರನ್ನು ಹೊಸದು ಅಂತ ಕೊಡುವುದೂ ಉಂಟು.

ನೀಲಿ ಬಕೆಟ್:
ಬ್ರ್ಯಾಂಡ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅಮೆರಿಕದ ಟ್ರೇಲರ್‌ಗಳಲ್ಲಿ ಹೆಚ್ಚಿನವು ತಯಾರಾಗುವುದು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ. ಫ್ರೇಮ್, ಫ್ರಿಜ್, ಹೀಟರ್ ಎಲ್ಲ ಬರುವುದು ಬೆರಳೆಣಿಕೆಯಷ್ಟು ಸಪ್ಲೈಯರ್‌ಗಳಿಂದ. 2021ರಲ್ಲಿ ಉತ್ತರ ಅಮೆರಿಕದ ಉದ್ಯಮ ಎಲ್ಲ ಬಗೆಯ ಆರ್‌ವಿ (ಒಳಗೇ ಮಲಗಿ ಉಳಿಯುವಂಥ ಪ್ರವಾಸದ ಗಾಡಿ) ಸೇರಿ 6 ಲಕ್ಷ ಗಾಡಿ ಹೊರಗೆ ಕಳಿಸಿತು, ಅದು ದಾಖಲೆ. ಆ ವೇಗದಲ್ಲಿ ಒಂದೇ ಮಾಡೆಲ್, ಒಂದೇ ವಾರದ ಎರಡು ಗಾಡಿ ಕೂಡ ಒಂದೇ ಥರ ಇರುವುದಿಲ್ಲ. ಬಾಗಿಲ ಪಕ್ಕದ ಆರ್‌ವಿಐಎ (ಆರ್‌ವಿ ಉದ್ಯಮದ ಸಂಘ) ಮುದ್ರೆ ನೋಡಿ ಧೈರ್ಯ ಮಾಡಬೇಡಿ. ಅದು ಕರೆಂಟು, ಗ್ಯಾಸು, ಬೆಂಕಿ ಸುರಕ್ಷತೆಯ ನಿಯಮಗಳಿಗೆ ಸಂಬಂಧಿಸಿದ್ದು. ಬಾಗಿಲು ನೆಟ್ಟಗೆ ಕೂರುತ್ತದಾ ಅನ್ನುವುದಕ್ಕೆ ಅಲ್ಲ. ಹೆಸರು ನೋಡಿ ಕೊಳ್ಳಬೇಡಿ, ನಿಮಗೆ ಕೊಡುವ ಆ ಒಂದು ಗಾಡಿಯನ್ನೇ ನೋಡಿ.

ದುಡ್ಡು ಕೊಡುವ ಮೊದಲು ಟ್ಯಾಂಕಿಗೆ ನೀರು ತುಂಬಿಸಿ, ಪಂಪ್ ಹಾಕಿಸಿ, ಎಲ್ಲ ನಲ್ಲಿ ಒಮ್ಮೆ ಬಿಟ್ಟು ಮುಚ್ಚಿ. ಪಂಪ್ ನಿಲ್ಲಬೇಕು. ನಿಂತ ಮೇಲೆ ಹತ್ತು ನಿಮಿಷ ಸುಮ್ನೆ ಕೂತು ಕೇಳಿ. ಯಾರೂ ನಲ್ಲಿ ಮುಟ್ಟದೆ ಅದು ಮಧ್ಯೆ ಮಧ್ಯೆ 'ಗರ್ರ್' ಅಂದರೆ ಒಳಗೆ ಎಲ್ಲೋ ಸೋರುತ್ತಿದೆ. ನಮ್ಮ ಗಾಡಿಯಲ್ಲಿ ಶವರ್ ಹಿಂದಿನ ಜಾಯಿಂಟ್ ಸಡಿಲ ಇದ್ದದ್ದು ಗೊತ್ತಾಗಿದ್ದು ಹೀಗೇ. ಅಲ್ಲಿಯೇ ಬಿಗಿ ಮಾಡಿಸಿಕೊಂಡೇ ಸಹಿ ಹಾಕಿದ್ದು. ಗೀಸರ್‌ನಲ್ಲಿ ನೀರು ತುಂಬುವ ಮೊದಲು ಅದರ ಕರೆಂಟ್ ಸ್ವಿಚ್ ಹಾಕಲು ಬಿಡಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ. ಸ್ಲೈಡ್ (ಜಾಗ ಹೆಚ್ಚಿಸಲು ಹೊರಗೆ ಚಾಚುವ ಗೋಡೆಯ ಭಾಗ) ಇದ್ದರೆ ಒಂದೆರಡು ಸಲ ಹೊರಗೆ ಒಳಗೆ ಮಾಡಿಸಿ, ರಬ್ಬರ್ ಎಲ್ಲೂ ಮಡಚಿಕೊಳ್ಳಬಾರದು.

ದಾರಿಹೋಕ:
ಇಷ್ಟು ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ಹೊಸದೇ ಹೀಗಾದರೆ ಸೆಕೆಂಡ್ ಹ್ಯಾಂಡ್ ಗತಿ ಏನು? ಐದಾರು ವರ್ಷದ್ದೊಂದು ಕಣ್ಣಲ್ಲಿದೆ.

ಏಣಿ ಮಾಮ:
ಒಂದು ಲೆಕ್ಕಕ್ಕೆ ಹಳೆಯದೇ ಒಳ್ಳೆಯದು, ಅದರ ಹುಳುಕು ಅಷ್ಟೊತ್ತಿಗೆ ಹೊರಗೆ ಬಂದಿರುತ್ತದೆ. ಬಾಗಿಲು ತೆಗೆದ ತಕ್ಷಣ ಮೂಗು ಕೆಲಸ ಮಾಡಲಿ. ಮುಗ್ಗಲು ವಾಸನೆ ಬಂದರೂ ಅನುಮಾನ, ಗಾಡಿ ತುಂಬ ಸೆಂಟ್ ಹೊಡೆದಿದ್ದರೆ ಇನ್ನೂ ಜಾಸ್ತಿ ಅನುಮಾನ. ಕಿಟಕಿಯ ಕೆಳಮೂಲೆ, ಕಪಾಟಿನ ಒಳಗಿನ ಮೂಲೆ, ಮಂಚದ ಕೆಳಗೆ ಹೆಬ್ಬೆರಳಲ್ಲಿ ಒತ್ತಿ. ಮೆತ್ತಗೆ ಒಳಗೆ ಹೋದರೆ ಮುಗಿಯಿತು. ತೇವ ಅಳೆಯುವ ಮೀಟರ್ ಸಿಕ್ಕರೆ ಗೋಡೆ ನಡುವೆ ಒಮ್ಮೆ, ಮೂಲೆಯಲ್ಲಿ ಒಮ್ಮೆ ಇಟ್ಟು ಹೋಲಿಸಿ. ಎರಡರ ನಡುವೆ ಬಹಳ ವ್ಯತ್ಯಾಸ ಇರಬಾರದು.

ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್‌ಗ್ಲಾಸ್ ಗಾಡಿ ಸಿಕ್ಕರೂ ನೋಡಿ. ಮೇಲಿನ ಅರ್ಧ, ಕೆಳಗಿನ ಅರ್ಧ ಅಂತ ಎರಡೇ ಚಿಪ್ಪು. ಛಾವಣಿಗೂ ಗೋಡೆಗೂ ಮಧ್ಯೆ ಜಾಯಿಂಟೇ ಇಲ್ಲ. ನಾಲ್ಕು ಜನಕ್ಕೆ ಇಕ್ಕಟ್ಟು, ಅದು ಬೇರೆ ಮಾತು.

ದಾರಿಹೋಕ:
ಛಾವಣಿ ನೋಡುತ್ತೇನೆ ಅಂದರೆ ಇನ್ಶೂರೆನ್ಸ್ ಪ್ರಾಬ್ಲಮ್ ಅಂತ ಹತ್ತಲು ಬಿಡುವುದಿಲ್ಲವಂತೆ. ಆಗ?

ನೀಲಿ ಬಕೆಟ್:
ಹತ್ತುವುದು ಬೇಡ, ಏಣಿ ಒರಗಿಸಿ ತಲೆ ಮಾತ್ರ ಮೇಲೆ ಹಾಕಿ ನೋಡುತ್ತೇನೆ ಅನ್ನಿ. ಅದಕ್ಕೂ ಆಗದು ಅಂದರೆ ಅವರ ಮೆಕ್ಯಾನಿಕ್ ಹತ್ತಿ ಪ್ರತಿ ಜಾಯಿಂಟಿನ ಫೋಟೋ ತೆಗೆದುಕೊಡಲಿ. ಅದಕ್ಕೂ ನೆಪ ಹೇಳಿದರೆ ಬೇರೆ ಕಡೆ ನೋಡಿ ಸರ್. ಹಾಂ, ಪಂಪ್ ಸದ್ದು ಕೇಳುವಾಗ ಮ್ಯೂಸಿಕ್ ಸಿಸ್ಟಮ್ ಡೆಮೋ ಶುರುಮಾಡಿದರೆ ಮೊದಲು ಅದನ್ನು ಆಫ್ ಮಾಡಿಸಿ.